ಚುಕ್ಕೆ ಇಲ್ಲದ ಫಾರ್ಮು

‘ಸಮೀಕ್ಷೆಯೊಂದರ ಪ್ರಕಾರ’ ಎಂಬ ಎರಡು ಪದಗಳು ಪತ್ರಿಕೆಯಲ್ಲಿ ಕಂಡವೆಂದರೆ ಸಾಕು, ನಾನು ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತೇನೆ. ಒರೆಸುವಂಥ ಕೊಳೆಯೇನೂ ಅದಕ್ಕೆ ಹತ್ತಿರುವುದಿಲ್ಲ. ಮುಂದೆ ಓದಲು ಮನಸ್ಸಿಲ್ಲದಾಗ ಕೈಗೊಂದು ಕೆಲಸ ಬೇಕು, ಅಷ್ಟೇ. ಹೆಂಡತಿಗೆ ಇದು ಗೊತ್ತಾಗಿ ಬಹಳ ವರ್ಷಗಳಾದವು. “ಇವತ್ತ ಯಾರು ಏನ್ ಎಣಿಸ್ಯಾರ?” ಎಂದು ಅಡಿಗೆಮನೆಯಿಂದಲೇ ಕೇಳುತ್ತಾಳೆ. ನೂರಕ್ಕೆ ಇಷ್ಟು ಜನ ಹೀಗೆ, ಅಷ್ಟು ಜನ ಹಾಗೆ ಎಂದು ಯಾರಾದರೂ ಬರೆದರೆ ನನಗೆ ಮೊದಲು ಕಾಣುವುದು ಆ ನೂರು ಜನರಲ್ಲ. ಅವರ ಹೆಸರಿನ ಫಾರ್ಮುಗಳನ್ನು ಎಲ್ಲೋ ಒಂದು ಕಟ್ಟೆಯ ಮೇಲೆ ನೆರಳಲ್ಲಿ ಕೂತು ತುಂಬುತ್ತಿರುವ ಒಬ್ಬ ಆಸಾಮಿ.

ಮೊನ್ನೆ ತಂಗಿಯ ಮಗಳು ನನ್ನ ಫೋನಿಗೇ ಒಂದು ಫಾರ್ಮು ಕಳಿಸಿದಳು. ನಮ್ಮ ಕಡೆಯ ಜನ ಇಂಟರ್ನೆಟ್ಟಿನಲ್ಲಿ ಸುದ್ದಿ ಹೇಗೆ ಓದುತ್ತಾರೆ, ಬ್ಲಾಗು ಗೀಗು ನೋಡುತ್ತಾರೋ ಇಲ್ಲವೋ ಎಂದು ಅವಳು ಸಂಶೋಧನೆ ಮಾಡುತ್ತಿದ್ದಾಳಂತೆ. ದಿನಕ್ಕೆ ಎಷ್ಟು ಹೊತ್ತು ಬಳಸುತ್ತೀರಿ ಎಂಬ ಪ್ರಶ್ನೆಗೆ ‘ಅರ್ಧ ಗಂಟೆ’ ಎಂದು ಒತ್ತಿದೆ. ಆವತ್ತು ಬೆಳಿಗ್ಗೆಯೇ ಯಾವನೋ ಹಳೆಯ ಬಾವಿಯ ಹೂಳು ತೆಗೆಯುವುದನ್ನು ಎರಡು ತಾಸು ಬಾಯಿ ತೆರೆದು ನೋಡಿದ್ದೆ. ಬ್ಲಾಗು ಓದುತ್ತೀರಾ ಎಂಬುದಕ್ಕೆ ‘ಹೌದು’ ಎಂದೆ. ಇಲ್ಲ ಎನ್ನುವುದು ಪತ್ರಿಕೆಯಲ್ಲಿ ಕೆಲಸ ಮಾಡಿದವನ ಮರ್ಯಾದೆಗೆ ಕಡಿಮೆ ಅನ್ನಿಸಿತು. ಸಂಜೆ ಅವಳು ಫೋನು ಮಾಡಿ, “ಮಾಮಾ, ಎಲ್ಲಾ ಖರೇ ಬರದೀರಿಲ್ಲ?” ಎಂದಳು. “ಖರೇನ ಬರದೀನವ್ವ” ಎಂದೆ. ಫೋನಿಟ್ಟ ಮೇಲೆ ಏಣಿ ಹಾಕಿಕೊಂಡು ಅಟ್ಟ ಹತ್ತಿ ಹಳೆಯ ಪ್ಯಾಡು ಹುಡುಕಿದೆ.

ಅದು ಪರೀಕ್ಷೆಗೆ ಒಯ್ಯುವಂಥ ರಟ್ಟಿನ ಪ್ಯಾಡು. ಮೇಲಿನ ಕ್ಲಿಪ್ಪು ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿದೆ. ಬಲಗಡೆಯ ಮೂಲೆಯಲ್ಲಿ ಅಂಗೈಯಗಲದ ಎಣ್ಣೆಕಲೆ ಇದೆ. ಇಷ್ಟು ವರ್ಷಗಳಾದರೂ ಮೂಗಿಗೆ ಹಿಡಿದರೆ ಮಿರ್ಚಿಯ ವಾಸನೆ ಬರುತ್ತದೆ ಎಂದು ನನ್ನ ವಾದ. ಇಲಿಯ ವಾಸನೆ ಎಂದು ಹೆಂಡತಿಯ ವಾದ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಲಿಂಗಸುಗೂರಿನಲ್ಲಿ ಬಿ.ಎ. ಮುಗಿಸಿ ನಮ್ಮೂರು ಸಂತೆಕಲ್ಲೂರಿನಲ್ಲಿ ಕೂತಿದ್ದೆ. ಬೆಳಿಗ್ಗೆ ಎದ್ದರೆ ಮಸ್ಕಿಯ ಕಡೆಯಿಂದ ಬರುವ ಬಸ್ಸಿನ ದಾರಿ ಕಾಯುವುದೇ ಕೆಲಸ, ಯಾಕೆಂದರೆ ಪೇಪರು ಅದರಲ್ಲೇ ಬರುತ್ತಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡಬೇಕೆಂಬ ಒಂದು ಹುಚ್ಚು ನನಗೆ. ಕೈಯಲ್ಲಿ ಪೆನ್ನು ಹಿಡಿದು ಸುಮ್ಮನೆ ತಿರುಗುತ್ತಿದ್ದುದರಿಂದ ಊರವರು ನನ್ನನ್ನು ಊರ ಲೆಕ್ಕ ಬರೆಯುವ ಅರ್ಧ ತಲಾಟಿಯಂತೆ ಕಾಣುತ್ತಿದ್ದರು, ಅಂದರೆ ಅಷ್ಟಕ್ಕಷ್ಟೇ. ಆಗ ದೂರದ ವಿಶ್ವವಿದ್ಯಾಲಯದಿಂದ ಸುಮಿತ್ರಾ ಮೇಡಂ ಬಂದರು. ಹಳ್ಳಿಗಳಲ್ಲಿ ಪತ್ರಿಕೆ, ರೇಡಿಯೊ ಯಾರು ಎಷ್ಟು ಬಳಸುತ್ತಾರೆ ಎಂಬುದು ಅವರ ಪಿಎಚ್.ಡಿ. ವಿಷಯ. ಲಿಂಗಸುಗೂರಿನ ತಮ್ಮ ಬಂಧುಗಳ ಮನೆಯಲ್ಲಿ ಉಳಿದುಕೊಂಡು, ಮನೆ ಮನೆ ತಿರುಗಿ ಫಾರ್ಮು ತುಂಬಲು ಸ್ಥಳೀಕನೊಬ್ಬನನ್ನು ಹುಡುಕುತ್ತಿದ್ದರು. ನಾನು ಸಿಕ್ಕೆ. ಕೆಲಸ ಸರಿಯಾಗಿ ಮಾಡಿದರೆ ತಮ್ಮ ಪರಿಚಯದ ಸಂಪಾದಕರೊಬ್ಬರಿಗೆ ಪತ್ರ ಕೊಡುವುದಾಗಿ ಅವರು ಮಾತು ಕೊಟ್ಟರು. ಆ ಪತ್ರವನ್ನು ನಾನು ಆವತ್ತಿನಿಂದಲೇ ಕನಸಿನಲ್ಲಿ ಕಾಣತೊಡಗಿದೆ.

ಮೊದಲು ಹೋದದ್ದು ಸಿಂಧನೂರು ತಾಲೂಕಿನ ದಢೇಸುಗೂರಿಗೆ. ಕಾಲುವೆ ಸೀಮೆ, ನೆಲ್ಲಿನ ಗದ್ದೆ, ಉಂಡುಟ್ಟು ಸುಖವಾಗಿರುವ ಜನ. ಅಲ್ಲಿ ಯಾವ ಮನೆಗೆ ಹೋದರೂ ಪೇಪರು ತರಿಸುತ್ತೇವೆ ಎಂದರು. ಕನ್ನಡದ್ದೊಂದು, ತೆಲುಗಿನದೊಂದು ಎಂದು ಒಬ್ಬ ಯಜಮಾನರಂತೂ ಎರಡು ಬೆರಳು ಎತ್ತಿ ತೋರಿಸಿದರು. ಎಲ್ಲಿ, ನೋಡೋಣ ಎಂದರೆ ಒಳಗೆ ಹೋಗಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದನ್ನು ಬಿಚ್ಚಿ ತಂದರು. ಪೇಪರು ಓದುವವರು ಹೆಚ್ಚಿದ್ದರೆ ಬೆಳಗಿನ ಬಸ್ಸು ಊರೊಳಗೆ ಬರುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರಂತೆ. ನನಗೆ ಆಗಲೇ ಅನುಮಾನದ ಹುಳ ಹೊಕ್ಕಿತು. ಸುಳ್ಳು ಎನ್ನಿಸಿದ ಫಾರ್ಮಿನ ಮೂಲೆಯಲ್ಲಿ ಪೆನ್ನಿನಿಂದ ಒಂದು ಸಣ್ಣ ಚುಕ್ಕೆ ಇಡುತ್ತ ಬಂದೆ. ಸಂಜೆ ಎಣಿಸಿದರೆ ಚುಕ್ಕೆ ಇಲ್ಲದ ಫಾರ್ಮು ಮೂರೋ ನಾಲ್ಕೋ ಇದ್ದವು.

ಕಾಲುವೆಯವರು ಜಂಬದವರು, ನಮ್ಮ ಬೆದ್ದಲು ಸೀಮೆಯ ಜೋಳ ಉಣ್ಣುವವರು ಖರೇ ಮಂದಿ ಎಂದು ಮೇಡಮ್ಮಿಗೆ ಹೇಳಿಕೊಂಡು ನಮ್ಮೂರಿಗೆ ಬಂದೆ. ಬಂದು ನೋಡಿದರೆ ಊರಿಗೆ ಊರೇ ಒಂದು ರಾತ್ರಿಯಲ್ಲಿ ನಿರಕ್ಷರಿಯಾಗಿತ್ತು. ಪೇಪರು ಓದುವವರು ಅನುಕೂಲಸ್ಥರು ಎಂದು ಲೆಕ್ಕ ಹಿಡಿದು ರೇಷನ್ನಿನ ಹಸಿರು ಕಾರ್ಡು ಕಸಿದುಕೊಳ್ಳುತ್ತಾರಂತೆ ಎಂಬ ಸುದ್ದಿ ನನಗಿಂತ ಮೊದಲೇ ಬಸ್ಸಿಳಿದಿತ್ತು. ಚಹಾದ ಹೋಟೆಲಿನಲ್ಲಿ ದಿನಾಲೂ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹತ್ತು ಮಂದಿಗೆ ಕೇಳಿಸುತ್ತಿದ್ದ ಹಿರಿಯರೊಬ್ಬರು, ನನ್ನ ಪ್ಯಾಡು ನೋಡಿದ್ದೇ ಪೇಪರನ್ನು ತಲೆಕೆಳಗಾಗಿ ಹಿಡಿದರು. “ಓದಾಕ ಎಲ್ಲಿ ಬರತೈತಿ ತಮ್ಮಾ, ಚಿತ್ರಾ ನೋಡಾಕತ್ತೀನಿ” ಎಂದರು. ಆ ಪುಟದಲ್ಲಿ ಇದ್ದದ್ದು ಪೂರ್ತಿ ಟೆಂಡರ್ ನೋಟೀಸು.

ರೇಡಿಯೊದ ಪಾಡು ಇನ್ನೂ ವಿಚಿತ್ರ. ರೇಡಿಯೊಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಕಟ್ಟುವ ಕಾಲವೊಂದಿತ್ತು, ನಿಮಗೆ ನೆನಪಿರಬಹುದು. ಅದನ್ನು ತೆಗೆದುಹಾಕಿ ನಾಲ್ಕೈದು ವರ್ಷಗಳಾಗಿದ್ದವು. ಆದರೆ ಸರಕಾರ ಕೈಗೆ ಬಂದದ್ದನ್ನು ಬಿಟ್ಟೀತೆಂದು ನಮ್ಮವರು ನಂಬಲು ತಯಾರಿರಲಿಲ್ಲ. ಒಂದು ಮನೆಯಲ್ಲಿ ಜೋಳದ ಚೀಲಗಳ ಹಿಂದಿನಿಂದ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ರೇಡಿಯೊ ಇದೆಯೇ ಎಂದರೆ ಇಲ್ಲ ಎಂದರು. ಹಾಗಾದರೆ ಈ ಹಾಡು ಎಂದೆ. ಬಾಜೂ ಮನೆಯದು ಎಂದರು. ಬಾಜೂ ಮನೆ ಬಿದ್ದು, ಅದರ ಗೋಡೆಯ ಮೇಲೆ ಜಾಲಿ ಬೆಳೆದು ಎಷ್ಟೋ ವರ್ಷಗಳಾಗಿದ್ದವು. ಆ ಫಾರ್ಮಿಗೆ ನಾನು ಎರಡು ಚುಕ್ಕೆ ಇಟ್ಟೆ.

ನನ್ನನ್ನು ನೋಡಿ ಮುಖ ತಿರುಗಿಸದವರು ಇಡೀ ಊರಿನಲ್ಲಿ ಒಬ್ಬರೇ, ಹುಲಿಗೆಮ್ಮತ್ತಿ. ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಆಕೆಯದೊಂದು ಮಿರ್ಚಿ ಭಜಿ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಲ್ಲಿನ ಮೇಲೊಂದು ಹಲಗೆ, ಒಂದು ಒಲೆ, ಒಂದು ಬಾಣಲೆ, ಒಂದು ಬೆಂಚು. ನನಗೆ ರಕ್ತಸಂಬಂಧವಿರಲಿಲ್ಲ; ನಮ್ಮ ಓಣಿಯಾಕೆ, ಅಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಅತ್ತೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಿರ್ಚಿ ಕಟ್ಟಿಕೊಡಲು ಮಸ್ಕಿಯಿಂದ ರದ್ದಿ ಪೇಪರು ತರಿಸುತ್ತಿದ್ದಳು. ಹಾಳೆ ಹರಿಯುವ ಮೊದಲು ಒಂದು ಗಳಿಗೆ ಅದನ್ನು ಎತ್ತಿ ಹಿಡಿದು ನೋಡಿ, ಕೆಲವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಸರಿಸುವುದು ಆಕೆಯ ರೂಢಿ. ಹಾಳೆ ಚೊಕ್ಕ ಇದೆಯೋ ಇಲ್ಲವೋ ನೋಡುತ್ತಾಳೆಂದು ನಾನು ತಿಳಿದಿದ್ದೆ.

ಮೊದಲನೇ ದಿನವೇ ಆಕೆ, ನನ್ನನ್ನು ಯಾವಾಗ ಕೇಳುತ್ತೀ ಎಂದಳು. ನಿನ್ನದು ಕೊನೆಗೆ ಎಂದೆ. ಎರಡನೇ ದಿನವೂ ಕೇಳಿದಳು. ಆವತ್ತು ಮೇಡಂ ಕೊಡಲಿರುವ ಪತ್ರದ ವಿಷಯ, ಬರಲಿರುವ ನೌಕರಿಯ ವಿಷಯವನ್ನೆಲ್ಲ ಆಕೆಯ ಬೆಂಚಿನ ಮೇಲೆ ಕೂತು ಹೇಳಿಕೊಂಡು, ಎರಡು ಮಿರ್ಚಿ ತಿಂದು ಎದ್ದುಬಂದೆ. ಮೂರನೇ ದಿನ ಬೇರೆಯವರಿಗೆ ಮಂಡಕ್ಕಿ ಒಗ್ಗರಣೆ ಕಟ್ಟಿಕೊಡುತ್ತಿದ್ದವಳು ಅದನ್ನು ಬಿಟ್ಟು, ಕೈ ಒರೆಸಿಕೊಂಡು, “ಅಮರೇಶ, ಇವತ್ತರ ಕೇಳತಿಯೇನಪ್ಪ?” ಎಂದಳು. ಮುದುಕಿಗೆ ಹೊತ್ತು ಹೋಗುವುದಿಲ್ಲ, ಯಾರ ಜೊತೆಗಾದರೂ ಮಾತಾಡಬೇಕು ಎಂದುಕೊಂಡೆ. ಆಕೆಗೆ ಆಗ ಐವತ್ತು. ಇಪ್ಪತ್ತೆರಡರ ನನಗೆ ಮುದುಕಿ.

ಫಾರ್ಮುಗಳಲ್ಲಿ ಅರ್ಧ ಹೆಂಗಸರವೇ ಇರಬೇಕೆಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಹೆಂಗಸರೋ, ನಾನು ಅಂಗಳಕ್ಕೆ ಕಾಲಿಟ್ಟರೆ ಮನೆಯಲ್ಲಿ ಗಂಡಸರಿಲ್ಲ ಎಂದು ಬಾಗಿಲ ಹಿಂದೆ ಸರಿಯುತ್ತಿದ್ದರು. ನಾಳೆ ಮೇಡಂ ಬರುತ್ತಾರೆ ಎನ್ನುವ ದಿನ ಮಧ್ಯಾಹ್ನ ನಾನು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಉಳಿದಿದ್ದ ಅಷ್ಟೂ ಹೆಂಗಸರ ಫಾರ್ಮುಗಳನ್ನು ನಾನೇ ತುಂಬಿದೆ. ಇದರಲ್ಲಿ ಮೋಸವೇನು ಬಂತು, ನಮ್ಮೂರಿನವರೇ ಅಲ್ಲವೇ, ಕೇಳಿದ್ದರೆ ಇದನ್ನೇ ಹೇಳುತ್ತಿದ್ದರು ಎಂದು ಸಮಾಧಾನ ಮಾಡಿಕೊಂಡೆ. ಓದು: ಇಲ್ಲ. ಪತ್ರಿಕೆ: ಇಲ್ಲ. ರೇಡಿಯೊ: ಅಕ್ಕಪಕ್ಕದ ಮನೆಯಲ್ಲಿ. ಇಷ್ಟದ ಕಾರ್ಯಕ್ರಮ ಎನ್ನುವಲ್ಲಿಗೆ ಬಂದಾಗ ಎಲ್ಲರಿಗೂ ಭಕ್ತಿಗೀತೆ ಬರೆದು ಬರೆದು ಬೇಸರ ಬಂದಿತ್ತು. ಅದಕ್ಕೆ ಹುಲಿಗೆಮ್ಮತ್ತಿಯ ಫಾರ್ಮಿನಲ್ಲಿ ‘ಬೆಳೆಗಳಿಗೆ ತಗಲುವ ರೋಗಗಳು’ ಎಂದು ಬರೆದೆ. ಆಕೆಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಈ ಫಾರ್ಮುಗಳಿಗೆ ನಾನು ಚುಕ್ಕೆ ಇಡಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲವಲ್ಲ, ಯಾರ ಮೇಲೆ ಅನುಮಾನ ಪಡಲಿ?

ಮರುದಿನ ಮೇಡಂ ಬಂದು, ಗಿಡದ ಕೆಳಗೆ ಹುಲಿಗೆಮ್ಮತ್ತಿಯ ಬೆಂಚಿನ ಮೇಲೆಯೇ ಕೂತು ಫಾರ್ಮುಗಳನ್ನು ತಿರುವಿದರು. ಚುಕ್ಕೆ ಏನು ಎಂದು ಕೇಳಿದರು. ನಾನು ನನ್ನ ಜಾಣತನವನ್ನು ವಿವರಿಸಿದೆ. ಅವರು ಕಣ್ಣರಳಿಸಿ, ಬಹಳ ಒಳ್ಳೆಯ ಪದ್ಧತಿ, ಹಾಗಾದರೆ ನಂಬಲರ್ಹವಾದವು ಈ ಚುಕ್ಕೆ ಇಲ್ಲದವು ಎಂದರು. ನಾನು ತಲೆ ಆಡಿಸಿದೆ. “ಇವುಗಳಲ್ಲಿ ಒಂದನ್ನು ನಾನೇ ಕೇಳಿ ತಾಳೆ ನೋಡ್ತೀನಿ. ಗೈಡ್ ಹೇಳಿದ್ದಾರೆ, ನೋಡಲೇಬೇಕು” ಎಂದು ಕಣ್ಣು ಮುಚ್ಚಿ ಒಂದು ಎಳೆದು ಪ್ಯಾಡಿನ ಮೇಲಿಟ್ಟುಕೊಂಡರು. ಹೆಸರು ಓದಿ, ಹುಲಿಗೆಮ್ಮ ಎಂದರೆ ಯಾರು ಎಂದು ಕೇಳಿದರು. ಒಲೆಯ ಮುಂದೆ ಕೂತವಳು ತಲೆ ಎತ್ತಿ, ನಾನೇ ಎಂದಳು.

ಎಲ್ಲ ಹೋಯಿತು ಅನ್ನಿಸಿತು. ಪತ್ರ ಹೋಯಿತು, ನೌಕರಿ ಹೋಯಿತು, ಊರಿನಲ್ಲಿ ಮುಖವೂ ಹೋಯಿತು. ಕಣ್ಣಲ್ಲೇ ಏನಾದರೂ ಸನ್ನೆ ಮಾಡೋಣವೆಂದರೆ ಆಕೆ ನನ್ನ ಕಡೆ ನೋಡುತ್ತಲೇ ಇರಲಿಲ್ಲ. “ಎಣ್ಣಿ ಸಿಡಿತೈತ್ರೀ ಮೇಡಂ, ಅದನ್ನ ಈ ಹಲಗಿ ಮ್ಯಾಲ ಇಡ್ರಿ” ಎಂದು ಪ್ಯಾಡನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಪಕ್ಕದಲ್ಲೇ ಇಟ್ಟುಕೊಂಡಳು. ಎಣ್ಣೆಗೈ ಹತ್ತಿ ಮೂಲೆ ಕಲೆಯಾಯಿತು. ಆಮೇಲೆ ಬಾಣಲೆಯಲ್ಲಿದ್ದ ಮಿರ್ಚಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ, ಒಂದೊಂದಾಗಿ ತೆಗೆದಳು. ಮೇಡಂ ತಮ್ಮ ಚೀಲದಿಂದ ಖಾಲಿ ಫಾರ್ಮೊಂದನ್ನು ತೆಗೆದು ಒಂದನೇ ಪ್ರಶ್ನೆಯಿಂದ ಶುರುಮಾಡಿದರು.

ಈತ ಬಂದು ಇವನ್ನೆಲ್ಲ ನಿಮಗೆ ಕೇಳಿದ್ದನೇ ಎಂದು ಮೊದಲು ಕೇಳಿದರು. ಬಂದಿದ್ದ, ಒಂದು ತಾಸು ಕೂತು ಕೇಳಿದ್ದಾನೆ ಎಂದಳು. ವಯಸ್ಸು ಕೇಳಿದರು, ನಾನು ಬರೆದಷ್ಟೇ ಹೇಳಿದಳು. ರೇಡಿಯೊ ಎಲ್ಲಿ ಕೇಳುತ್ತೀರಿ ಎಂದರೆ ಅಕ್ಕಪಕ್ಕದ ಮನೆಯಲ್ಲಿ ಎಂದಳು. ಯಾವ ಕಾರ್ಯಕ್ರಮ ಇಷ್ಟ ಎಂದಾಗ ನಾನು ಕಣ್ಣು ಮುಚ್ಚಿದೆ.

“ಬೆಳಿ ರೋಗದ್ದು ರೀ.”

ಹೊಲ ಇದೆಯೇ ಎಂದು ಮೇಡಂ ಆಶ್ಚರ್ಯದಿಂದ ಕೇಳಿದರು. “ಇಲ್ರೀ. ಆದ್ರೂ ಕೇಳಬೇಕಲ್ರೀ” ಎಂದಳು. ನಿಮಗೆ ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ನನ್ನ ಮೇಲೆಯೇ ಭಕ್ತಿ ಹುಟ್ಟಿತು. ಕೇಳದೆಯೇ ಜನರ ಮನಸ್ಸು ತಿಳಿಯುವ ಇಂಥ ಶಕ್ತಿ ನನ್ನೊಳಗಿದೆ ಎಂದು ಯಾರಿಗೆ ಗೊತ್ತಿತ್ತು? ಹೊಲವಿಲ್ಲದ ಹೆಂಗಸು ಬೆಳೆರೋಗದ ಕಾರ್ಯಕ್ರಮ ಕೇಳುತ್ತಾಳೆಂದು ಗುಡಿಯ ಕಟ್ಟೆಯ ಮೇಲೆ ಕೂತು ಕಂಡುಹಿಡಿದವನು ನಾನು. ಪತ್ರಕರ್ತನಾಗಲು ಇನ್ನೇನು ಬೇಕು ಎಂದುಕೊಂಡೆ.

ಪತ್ರಿಕೆ ಓದುತ್ತೀರಾ ಎಂಬ ಪ್ರಶ್ನೆಯನ್ನು ಮೇಡಂ ಕೊನೆಗೆ ಉಳಿಸಿಕೊಂಡು ಕೇಳಿದರು. ಹಿಟ್ಟು ಕಲಸುತ್ತಿದ್ದ ಹುಲಿಗೆಮ್ಮತ್ತಿಯ ಕೈ ನಿಂತಿತು. ಮೇಡಂ ಮತ್ತೊಮ್ಮೆ ಕೇಳಿದರು. ಆಗ ಆಕೆ ಮೊದಲ ಸಲ ನನ್ನ ಕಡೆ ನೋಡಿದಳು.

“ಇಲ್ರೀ. ನನಗ ಓದಾಕ ಬರಂಗಿಲ್ಲ.”

ಮೇಡಂ ಎರಡೂ ಫಾರ್ಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದಕ್ಷರವೂ ವ್ಯತ್ಯಾಸವಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ಚುಕ್ಕೆ ಇದ್ದವನ್ನು ಸಂಶಯಾಸ್ಪದ ಎಂದು ಬೇರೆ ಕಟ್ಟಿದರು, ಚುಕ್ಕೆ ಇಲ್ಲದವನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. ಪ್ಯಾಡು ನನಗೇ ಉಳಿಯಿತು. ಬಸ್ಸು ಹತ್ತುವ ಮೊದಲು ಹುಲಿಗೆಮ್ಮತ್ತಿ ಅವರಿಗೆ ನಾಲ್ಕು ಮಿರ್ಚಿ ಕಟ್ಟಿಕೊಟ್ಟು, ಎಷ್ಟು ಹೇಳಿದರೂ ರೊಕ್ಕ ಮುಟ್ಟಲಿಲ್ಲ.

ಪತ್ರ ಬಂತು. ನೌಕರಿಯೂ ಬಂತು. ಒಂದು ಸಣ್ಣ ಪತ್ರಿಕೆಗೆ ನಾನು ಸಿಂಧನೂರಿನ ವರದಿಗಾರನಾದೆ. ಸೈಕಲ್ಲು ಹೋಗಿ ಲೂನಾ ಬಂತು, ಜೇಬಿನಲ್ಲಿ ಎರಡು ಪೆನ್ನು ಬಂದವು, ನಡಿಗೆಯೇ ಬದಲಾಯಿತು. ಎರಡು ವರ್ಷಗಳ ಮೇಲೆ ಮೇಡಮ್ಮಿಗೆ ಡಾಕ್ಟರೇಟು ಸಿಕ್ಕಿತು. ತಮ್ಮ ಪ್ರಬಂಧದ ಸಾರಾಂಶವನ್ನು ನನಗೆ ಅಂಚೆಯಲ್ಲಿ ಕಳಿಸಿ, ನಿಮ್ಮ ನೆರವಿಗೆ ಋಣಿ ಎಂದು ಬರೆದಿದ್ದರು. ಅದರಲ್ಲಿ ನಮ್ಮೂರಿನ ಹೆಂಗಸರ ಬಗ್ಗೆ ಒಂದು ಇಡೀ ಪುಟವಿತ್ತು. ಆವತ್ತು ನನ್ನ ಬಳಿ ಬೇರೆ ಸುದ್ದಿ ಇರಲಿಲ್ಲ. ಆ ಪುಟ ಎಲ್ಲಿ ಹುಟ್ಟಿತೆಂಬುದು ಗೊತ್ತಿದ್ದವನು ನಾನೊಬ್ಬನೇ; ಗೊತ್ತಿದ್ದೂ ಅದನ್ನೇ ಸುದ್ದಿ ಮಾಡಿ ಕಳಿಸಿದೆ. ಮೂರನೇ ಪುಟದಲ್ಲಿ, ಸುತ್ತ ಗೆರೆ ಎಳೆದು ಪೆಟ್ಟಿಗೆ ಕಟ್ಟಿ ಹಾಕಿದರು.

ಅದಾಗಿ ಕೆಲವು ತಿಂಗಳ ನಂತರ ಊರಿಗೆ ಹೋದವನು ಬಸ್ಸಿಳಿದು ಬೇವಿನ ಗಿಡದ ಕೆಳಗೆ ಕೂತೆ. ಹುಲಿಗೆಮ್ಮತ್ತಿ ಮಿರ್ಚಿ ಕೊಡಲಿಲ್ಲ. ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಹಿಟ್ಟಿನ ಡಬ್ಬಿ ಎತ್ತಿ, ಅದರ ಕೆಳಗಿನಿಂದ ಒಂದು ಹಾಳೆ ತೆಗೆದಳು. ಬೆಳಕಿಗೆ ಹಿಡಿದು ಓದತೊಡಗಿದಳು.

“ಸಂತೆಕಲ್ಲೂರಿನಲ್ಲಿ ನಲವತ್ತು ದಾಟಿದ ಮಹಿಳೆಯರ ಪೈಕಿ ಪತ್ರಿಕೆ ಓದಬಲ್ಲವರು ಒಬ್ಬರೂ ಇಲ್ಲವೆಂಬ ಆತಂಕಕಾರಿ ಸಂಗತಿ ಬೆಳಕಿಗೆ ಬಂದಿದೆ.”

ಎಲ್ಲೂ ತಡವರಿಸಲಿಲ್ಲ. ಆತಂಕಕಾರಿ ಎಂಬ ಪದವನ್ನು ನಮ್ಮ ಪತ್ರಿಕೆಯ ಏಜೆಂಟನೂ ಅಷ್ಟು ಸಲೀಸಾಗಿ ಓದಲಾರ. ಕಣ್ಣ ಮುಂದೆ ಬಂದದ್ದು ಆ ಹಲಗೆ, ಆ ಪ್ಯಾಡು, ಒಂದೊಂದಾಗಿ ನಿಧಾನಕ್ಕೆ ಎಣ್ಣೆಯಿಂದೆದ್ದ ಮಿರ್ಚಿ. ಆಕೆ ಅಷ್ಟು ಹೊತ್ತು ಮಾಡಿದ್ದು ನನ್ನ ಫಾರ್ಮನ್ನು ಓದುವ ಕೆಲಸ. ಬೆಳೆರೋಗ ನನ್ನ ಶಕ್ತಿಯಿಂದ ಬಂದದ್ದಲ್ಲ, ನನ್ನ ಅಕ್ಷರದಿಂದ ಬಂದದ್ದು. ಚೊಕ್ಕ ಇವೆಯೋ ಎಂದು ನೋಡುತ್ತಾಳೆಂದು ನಾನು ತಿಳಿದಿದ್ದ ಹಾಳೆಗಳನ್ನೆಲ್ಲ ಆಕೆ ಅಷ್ಟು ವರ್ಷಗಳಿಂದ ಓದುತ್ತ ಬಂದಿದ್ದಳು. ಊರಿನಲ್ಲಿ ಆಕೆಯಷ್ಟು ಪತ್ರಿಕೆ ಓದಿದವರು ಬೇರೆ ಯಾರೂ ಇದ್ದಿರಲಾರರು.

ಓದಲು ಯಾವಾಗ ಕಲಿತೆ ಎಂದು ಕೇಳಿದೆ. ತವರೂರು ಗುರುಗುಂಟಾದಲ್ಲಿ ಸಣ್ಣಾಕೆ ಇದ್ದಾಗ ಮೂರು ವರ್ಷ ಐಗಳ ಶಾಲೆಯಲ್ಲಿ ಕೂತಿದ್ದಳಂತೆ. ಮದುವೆಯಾಗಿ ಬಂದ ಮೇಲೆ ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ ಎಂದಳು. ಕಥೆಗಳು ಬಹಳ ಸೇರುತ್ತವಂತೆ, ಆದರೆ ರದ್ದಿಯಲ್ಲಿ ಕೊನೆಯ ಕಂತು ಮೊದಲು ಬಂದು ಮೊದಲನೆಯದು ಎಂದೂ ಬರುವುದಿಲ್ಲ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

“ಮತ್ತ ಅವತ್ತ ಮೇಡಂ ಮುಂದ ಇಲ್ಲ ಅಂತ ಯಾಕ ಅಂದಿ ಅತ್ತಿ?”

“ನೀ ಇಲ್ಲ ಅಂತ ಬರದಿದ್ದೆಲ್ಲಪ್ಪ. ನಾ ಹೌದು ಅಂದ್ರ ನಿನ್ನ ನೌಕರಿ ಹೋಗತಿತ್ತು.” ಆಮೇಲೆ ಒಲೆಯ ಕಟ್ಟಿಗೆ ಸರಿಮಾಡುತ್ತ, ಸಿಟ್ಟಿಲ್ಲದೆಯೇ, “ಮೂರು ದಿನ ಕೇಳೀನಿ ಅಮರೇಶ, ನನ್ನ ಯಾವಾಗ ಕೇಳತಿ ಅಂತ” ಎಂದಳು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಬೇಡ, ಆ ಹುಡುಗಿ ಪಾಪ ಅಷ್ಟು ದೂರದಿಂದ ಬಂದಿದ್ದಳು, ಅವಳ ಓದಿಗೆ ಕುತ್ತು ತರಬೇಡ ಎಂದಳು. ಬೇಡ ಎಂದದ್ದಕ್ಕೆ ನನಗೆ ಒಳಗೊಳಗೇ ಹಾಯೆನ್ನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಆ ಹಾಳೆಯನ್ನಾದರೂ ನನಗೆ ಕೊಡು, ಹರಿದು ಒಲೆಗೆ ಹಾಕುತ್ತೇನೆ ಎಂದು ಕೈ ಚಾಚಿದೆ. ಕೊಡಲಿಲ್ಲ. ಮೊದಲಿನ ಹಾಗೇ ಮಡಿಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು.

“ಇರಲಿ ಬಿಡು. ನೀ ಬರದದ್ದನ್ನ ಊರಾಗ ಯಾರರ ಒಬ್ರು ಓದಬೇಕಲ್ಲ.”